ಬೆಣ್ಣೆದೋಸೆ ಊರಿನಲ್ಲಿ ಹುಳಿಕೋಸು

ಮೊದಲ ಸಲ ಹಾಕಿದ ಹುಳಿಕೋಸನ್ನು ಪೂರ್ತಿ ತಿಪ್ಪೆಗೆ ಸುರಿದೆ. ಅದೂ ಹಿತ್ತಿಲಲ್ಲೇ ಬೆಳೆದ 2 ಕೆಜಿ ಕೋಸು. ಏಪ್ರಿಲ್ ತಿಂಗಳು, ದಾವಣಗೆರೆ ಬಿಸಿಲು ಗೊತ್ತಲ್ಲ. ಅಡುಗೆಕಟ್ಟೆ ಮೇಲಿಟ್ಟ ಭರಣಿಯಲ್ಲಿ ಒಂದು ವಾರಕ್ಕೇ ಕೋಸು ಮೆತ್ತಗಾಗಿ, ಲೋಳೆಯಾಗಿ, ಮೇಲೆ ಬೂಸ್ಟು ಹಿಡಿದಿತ್ತು. ಅವ್ವ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, "ಏನಪ್ಪ ಇದು, ದುಡ್ಡು ಕೊಟ್ಟು ಗೊಬ್ಬರ ಹಾಕಿ ಬೆಳೆಸಿ, ಈಗ ಕೊಳೆಸ್ತಾ ಕೂತಿದೀಯಲ್ಲ" ಅಂದಳು.

ಜರ್ಮನ್ನರು ಇದನ್ನು ಸಾವರ್‌ಕ್ರೌಟ್ ಅನ್ನುತ್ತಾರೆ. ಸಾವರ್ ಅಂದರೆ ಹುಳಿ, ಕ್ರೌಟ್ ಅಂದರೆ ಸೊಪ್ಪು, ಕೋಸು. ಅದಕ್ಕೇ ನಮ್ಮನೆಯಲ್ಲಿ ಹುಳಿಕೋಸು. ಹಾಕುವುದು ಎರಡೇ: ಹೆಚ್ಚಿದ ಎಲೆಕೋಸು ಮತ್ತು ಉಪ್ಪು. ನಿಂಬೆಹಣ್ಣು ಇಲ್ಲ, ವಿನೆಗರ್ ಇಲ್ಲ, ಒಗ್ಗರಣೆಯೂ ಇಲ್ಲ. ಹಾಗಾದರೆ ಹುಳಿ ಎಲ್ಲಿಂದ ಬಂತು? ದೋಸೆ ಹಿಟ್ಟಿಗೆ ಎಲ್ಲಿಂದ ಬರುತ್ತೋ ಅಲ್ಲಿಂದಲೇ.

ಇದನ್ನ ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಉದ್ದಿನಬೇಳೆ ಜೊತೆ ಬಂದು ಇಡ್ಲಿ ಹಿಟ್ಟನ್ನು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಾದ ಹೆಸರು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಭರಣಿಯ ಕೋಸಿನಲ್ಲಿ ಮೊದಲು ಕೆಲಸಕ್ಕೆ ಇಳಿಯುವುದೂ ಇದೇ. ಕೋಸಿನ ಎಲೆಯ ಮೇಲೆ ಇದು ಮೊದಲೇ ಇರುತ್ತೆ, ಆದರೆ ತೀರಾ ಕಡಿಮೆ. ಕೊಳೆಸುವ ಬೇರೆ ಸಾವಿರ ಜೀವಿಗಳ ನಡುವೆ ಇದು ಗೆಲ್ಲಬೇಕಾದರೆ ನಾವು ಸ್ವಲ್ಪ ಪಕ್ಷಪಾತ ಮಾಡಬೇಕು. ಉಪ್ಪು ಹಾಕುವುದು ಆ ಪಕ್ಷಪಾತಕ್ಕೇ.

ಕೋಸಿನಲ್ಲಿ ನೂರಕ್ಕೆ 92 ಪಾಲು ನೀರು. ಸಣ್ಣಗೆ ಹೆಚ್ಚಿ ಉಪ್ಪು ಹಾಕಿ ಕೈಯಲ್ಲಿ ಹಿಸುಕಿದರೆ ಆ ನೀರು ತಾನಾಗೇ ಹೊರಗೆ ಬರುತ್ತೆ, ಒಂದು ಹನಿ ನೀರನ್ನೂ ನಾವು ಸೇರಿಸಬೇಕಾಗಿಲ್ಲ. ಜೊತೆಗೆ ಎಲೆಯೊಳಗಿನ ಸಕ್ಕರೆಯೂ ಬರುತ್ತೆ, ಬ್ಯಾಕ್ಟೀರಿಯಾಗೆ ಅದೇ ಊಟ. ಕೋಸನ್ನು ಒತ್ತಿ ಆ ನೀರಿನೊಳಗೆ ಪೂರ್ತಿ ಮುಳುಗಿಸಿ ಮೇಲೆ ಭಾರ ಇಟ್ಟರೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದೆ ಬೂಸ್ಟು ಬದುಕುವುದಿಲ್ಲ, ಲ್ಯೂಕೊನಾಸ್ಟಾಕ್‌ಗೆ ಅದರ ಚಿಂತೆಯೇ ಇಲ್ಲ. ಅದು ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ, ಸ್ವಲ್ಪ ಅಸಿಟಿಕ್ ಆಮ್ಲ, ಮತ್ತೆ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ಮೊದಲ ಮೂರ್ನಾಲ್ಕು ದಿನ ಭರಣಿಯಲ್ಲಿ ಗುಳ್ಳೆ ಏಳುವುದು, ಹಿಟ್ಟು ಉಬ್ಬಿ ಪಾತ್ರೆಯಿಂದ ಚೆಲ್ಲುವುದು, ಎರಡೂ ಇದೇ ಡೈಆಕ್ಸೈಡ್‌ನಿಂದ. ಮುಚ್ಚಳ ಬಿಗಿಯಾಗಿದ್ದರೆ ದಿನಕ್ಕೊಮ್ಮೆ ಸಡಿಲ ಮಾಡಿ, ಇಲ್ಲದಿದ್ದರೆ ಗೋಡೆ ಒರೆಸುವ ಕೆಲಸ ಬೀಳುತ್ತೆ.

ಹುಳಿ ಹೆಚ್ಚಾದಂತೆ ಲ್ಯೂಕೊನಾಸ್ಟಾಕ್ ತಾನೇ ಮಾಡಿದ ಆಮ್ಲದಲ್ಲಿ ತಾನೇ ಸೋಲುತ್ತೆ. ಆಗ ಹುಳಿಗೆ ಬಗ್ಗದ ಲ್ಯಾಕ್ಟೊಬ್ಯಾಸಿಲಸ್ ಬಳಗ ಬಂದು ಮಿಕ್ಕ ಸಕ್ಕರೆ ಮುಗಿಸುತ್ತೆ. ಕೊನೆಗೆ ಪಿಎಚ್, ಅಂದರೆ ಹುಳಿ ಹೆಚ್ಚಿದಷ್ಟೂ ಇಳಿಯುವ ಹುಳಿಯ ಅಳತೆ, 3.5ರ ಆಸುಪಾಸಿಗೆ ಬರುತ್ತೆ. 4.6ಕ್ಕಿಂತ ಕೆಳಗೆ ಹೋದರೆ ಬೊಟುಲಿಸಂ ವಿಷ ಮಾಡುವ ಬ್ಯಾಕ್ಟೀರಿಯಾ ಬೆಳೆಯಲಾರದು, ಹಾಗಾಗಿ ಇದು ತಿಂಗಳುಗಟ್ಟಲೆ ಕೆಡುವುದಿಲ್ಲ.

ಎರಡನೇ ಸಲ ನಾನು ಮಾಡಿದ ತಪ್ಪು ಬೇರೆ. ಕೊಳೆತುಹೋದೀತು ಅನ್ನೋ ಭಯಕ್ಕೆ ಮಾವಿನಕಾಯಿ ಉಪ್ಪಿನಕಾಯಿಗೆ ಹಾಕುವ ಹಾಗೆ ಕೈತುಂಬ ಕಲ್ಲುಪ್ಪು ಹಾಕಿದೆ. ತಿಂಗಳಾದರೂ ಹುಳಿಯೇ ಬರಲಿಲ್ಲ! ಕೆಡಲಿಲ್ಲ ನಿಜ, ಆದರೆ ಉಪ್ಪುನೀರಲ್ಲಿ ನೆನೆದ ಕೋಸು ಅಷ್ಟೇ. ನಮ್ಮ ಉಪ್ಪಿನಕಾಯಿ ಬಹುಪಾಲು ಜೀವಿಗಳನ್ನು ಬಾಗಿಲಲ್ಲೇ ತಡೆದು ಉಳಿಯುತ್ತೆ. ಹುಳಿಕೋಸು ಕೆಲವರನ್ನು ಮಾತ್ರ ಒಳಗೆ ಬಿಟ್ಟು ಉಳಿಯುತ್ತೆ. ಆ ಬಾಗಿಲು ಇರುವುದು ಕೋಸಿನ ತೂಕದ ಶೇಕಡಾ 2ರಿಂದ 2.5ರ ಹತ್ತಿರ, ಅಂದರೆ ಒಂದು ಕೆಜಿಗೆ 20ರಿಂದ 25 ಗ್ರಾಂ ಉಪ್ಪು. ಚಮಚದ ಲೆಕ್ಕ ಬೇಡ. ಒಂದು ಚಮಚ ಕಲ್ಲುಪ್ಪಿಗೂ ಒಂದು ಚಮಚ ಪುಡಿಯುಪ್ಪಿಗೂ ತೂಕದಲ್ಲಿ ವ್ಯತ್ಯಾಸ ಇದೆ. ತಕ್ಕಡಿಯಲ್ಲೇ ತೂಗಿ.

ಇನ್ನು ಬಿಸಿಲಿನ ಮಾತು. ಇದಕ್ಕೆ ಒಳ್ಳೆಯ ಹದ 18ರಿಂದ 22 ಡಿಗ್ರಿ. ಬೇಸಿಗೆಯಲ್ಲಿ ಬೆಳಿಗ್ಗೆ ಹೊರಗಿಟ್ಟ ದೋಸೆ ಹಿಟ್ಟು ಮಧ್ಯಾಹ್ನಕ್ಕೇ ಹಲ್ಲು ಚಳಿಯುವಷ್ಟು ಹುಳಿಯಾಗುತ್ತೆ ಅಲ್ವಾ? ಬೆಣ್ಣೆದೋಸೆಗೆ ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿಡುವ ಇಲ್ಲಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಕೋಸಿನಲ್ಲೂ ಅಷ್ಟೇ. ಸೆಖೆ ಜಾಸ್ತಿಯಾದರೆ ಲ್ಯೂಕೊನಾಸ್ಟಾಕ್ ಸರದಿ ಬೇಗ ಮುಗಿದು, ಬರೀ ಹುಳಿ ಉಳಿದು, ಘಮ ಹೋಗುತ್ತೆ, ಎಲೆಯ ಕರುಕುರು ಕೂಡ ಹೋಗುತ್ತೆ. ಅದಕ್ಕೇ ಈಗ ನಾನು ಡಿಸೆಂಬರ್, ಜನವರಿಯಲ್ಲಿ ಮಾತ್ರ ಹಾಕುವುದು. ದೇವರಮನೆ ಪಕ್ಕದ ಕತ್ತಲೆ ಮೂಲೆಯಲ್ಲಿ, ಒದ್ದೆ ಮರಳಿನ ಬುಟ್ಟಿಯೊಳಗೆ ಭರಣಿ, ಸುತ್ತ ಒದ್ದೆ ಗೋಣಿಚೀಲ. ನೀರು ಆವಿಯಾಗುತ್ತಾ ಭರಣಿಯ ಬಿಸಿ ಎಳೆದುಕೊಳ್ಳುತ್ತೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆ ನೀರು ತಣ್ಣಗಿರುವುದೂ ಹೀಗೇ.

ಚಳಿಗಾಲಕ್ಕೆ ಕೋಸು ಸಿಗಬೇಕಾದರೆ ಸೆಪ್ಟೆಂಬರ್‌ನಲ್ಲಿ ಬೀಜ ಹಾಕಬೇಕು. ಗೋಲ್ಡನ್ ಏಕರ್ ತಳಿ ಮನೆಗೆ ಸಾಕು. 25-30 ದಿನದ ಸಸಿಯನ್ನು ಒಂದೂವರೆ ಅಡಿಗೊಂದು ನೆಟ್ಟರೆ ಎರಡು, ಎರಡೂಕಾಲು ತಿಂಗಳಲ್ಲಿ ಒಂದು ಕೆಜಿ ಆಸುಪಾಸಿನ ಗಡ್ಡೆ. ಗಡ್ಡೆ ಅನ್ನುತ್ತೇವೆ, ಆದರೆ ಅದು ಬಿಚ್ಚಿಕೊಳ್ಳದೆ ಉಳಿದ ಒಂದು ದೊಡ್ಡ ಮೊಗ್ಗು, ಎಲೆಗಳ ಮೊಗ್ಗು. ನೀರು ಒಂದೇ ಸಮ ಕೊಡಿ. ಒಣಗಿಸಿ ಆಮೇಲೆ ಒಮ್ಮೆಲೇ ಹಾಯಿಸಿದರೆ ಗಡ್ಡೆ ಸೀಳುತ್ತೆ. ಅಂದಹಾಗೆ ಬೀಜ ಉಳಿಸಿಕೊಳ್ಳುವ ಆಸೆ ಬೇಡ. ಕೋಸು ಹೂ ಬಿಡಬೇಕಾದರೆ ವಾರಗಟ್ಟಲೆ ಗಡಗಡ ನಡುಗುವ ಚಳಿ ಬೇಕು, ಅದಕ್ಕೆ ಹಿಮಾಚಲದ ಕುಲು ಕಣಿವೆಯಂಥ ಜಾಗವೇ ಆಗಬೇಕು.

ಹುಳದ ಕಾಟ ಇದೆ. ಡೈಮಂಡ್‌ಬ್ಯಾಕ್ ಅನ್ನೋ ಪುಟ್ಟ ಪತಂಗದ ಹಸಿರು ಹುಳ. ಮುಟ್ಟಿದರೆ ಒದ್ದಾಡಿ ನೂಲಿನಲ್ಲಿ ನೇತಾಡುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದಕ್ಕೆ ಹೇಳಿದ ಉಪಾಯ ನನಗೆ ತುಂಬಾ ಇಷ್ಟ: 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಒಂದು ಸಾಲು ನಾಟಿಗೆ 15 ದಿನ ಮೊದಲು, ಇನ್ನೊಂದು ನಾಟಿಯಾದ 25 ದಿನಕ್ಕೆ. ಕೋಸು, ಸಾಸಿವೆ ಒಂದೇ ಕುಟುಂಬದವು. ಹಸಿ ಕೋಸು ಅಗಿದಾಗ ಮೂಗಿಗೆ ಏರುವ ಆ ಘಾಟು ಗಂಧಕದ ಸಂಯುಕ್ತಗಳದ್ದು, ಸಾಸಿವೆ ಅರೆದಾಗ ಬರುವುದೂ ಅದೇ ಜಾತಿಯದು. ಪತಂಗ ಈ ವಾಸನೆ ಹಿಡಿದೇ ಬರುತ್ತೆ, ಸಾಸಿವೆ ಕಂಡರೆ ಅಲ್ಲೇ ಮೊಟ್ಟೆಯಿಡುತ್ತೆ. ನನ್ನದು ಇರುವುದೇ 12 ಗಿಡ, ಸುತ್ತ ಒಂದು ಹಿಡಿ ಸಾಸಿವೆ ಚೆಲ್ಲುತ್ತೇನೆ ಅಷ್ಟೇ.

ಮಕ್ಕಳು ತಿನ್ನಲ್ಲ ಅಂದಾಗ ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್ ನೆನಪಾದ. 1768ರಲ್ಲಿ ಎಂಡೆವರ್ ಹಡಗಿನಲ್ಲಿ ಹೊರಟಾಗ ಮೂರೂವರೆ ಟನ್ ಹುಳಿಕೋಸು ತುಂಬಿಸಿಕೊಂಡಿದ್ದ, ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗ ಬಾರದಿರಲಿ ಅಂತ. ನಾವಿಕರು ಮುಟ್ಟಲಿಲ್ಲ. ದಿನಾ ಅಧಿಕಾರಿಗಳ ಊಟಕ್ಕೆ ಬಡಿಸಿ, ಉಳಿದವರು ಬೇಕಾದರೆ ತಿನ್ನಲಿ ಅಂದ. ಒಂದು ವಾರದೊಳಗೆ ಎಷ್ಟು ಬೇಡಿಕೆ ಬಂತೆಂದರೆ ಅಳೆದು ಹಂಚಬೇಕಾಯಿತು. ನಾನೂ ಹಾಗೇ ಮಾಡಿದೆ. ಭರಣಿ ನನ್ನ ತಟ್ಟೆ ಪಕ್ಕದಲ್ಲೇ ಇಟ್ಟುಕೊಂಡೆ, ಯಾರಿಗೂ ಕೊಡಲಿಲ್ಲ.

ನಾಲ್ಕನೇ ದಿನ ಅವ್ವನೇ ಜೋಳದ ರೊಟ್ಟಿ ಮುರಿದು ಭರಣಿಗೆ ಕೈ ಹಾಕಿದಳು. "ಶೇಂಗಾ ಚಟ್ನಿಪುಡಿ ಇದ್ದಿದ್ರೆ ಚೆನ್ನಾಗಿರ್ತಿತ್ತು" ಅಂದಳು.