ಸಿಸ್ಟಮ್ ಕೆಡಿಸಲು ಬಿಡುವ ಕೋರ್ಸ್ ಹುಡುಕಿ

ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಭಾರೀ ಕಂಪ್ಯೂಟರ್) ಕಲಿಯಲು ಯಾವ ಕೋರ್ಸ್ ಸೇರಲಿ ಅಂತ ಕೇಳುವವರಿಗೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಅಲ್ಲಿ ಕೆಡಿಸಿದರೂ ಪರವಾಗಿಲ್ಲ ಅನ್ನುವಂಥ ಒಂದು ಸಿಸ್ಟಮ್ ನಿಮ್ಮ ಕೈಗೆ ಕೊಡುತ್ತಾರಾ? ಸಿಲಬಸ್ ಎಷ್ಟು ಉದ್ದ ಇದೆ, ಸರ್ಟಿಫಿಕೇಟ್ ಯಾರದು ಅನ್ನುವುದೆಲ್ಲ ಆಮೇಲಿನ ಮಾತು. ನಾನು ಸಿಸ್ಟಮ್ ಪ್ರೋಗ್ರಾಮರ್ ಆಗಿ ಕೆಲಸ ಮಾಡುತ್ತಾ, ಜೊತೆಜೊತೆಗೆ ಹೊಸಬರಿಗೆ ಕಲಿಸುತ್ತಾ ಬಂದವನು. ಸ್ಲೈಡ್ ನೋಡಿ ಕಲಿತವರಿಗೂ ಕೈಯಾರೆ ಕೆಡಿಸಿ ಸರಿ ಮಾಡಿ ಕಲಿತವರಿಗೂ ಇರುವ ವ್ಯತ್ಯಾಸ ಮೊದಲ ತೊಂದರೆಯ ರಾತ್ರಿಯೇ ಗೊತ್ತಾಗಿಬಿಡುತ್ತದೆ.

ಮೊದಲು ಎರಡು ಕೆಲಸಗಳನ್ನು ಬಿಡಿಸಿ ಹೇಳುತ್ತೇನೆ. ಆಪರೇಟರ್ ಅಂದರೆ ಸಿಸ್ಟಮ್ ನಡೆಸುವವರು. ಕನ್ಸೋಲ್ (ಸಿಸ್ಟಮ್ ಜೊತೆ ಮಾತಾಡುವ ಪರದೆ) ಮೇಲೆ ಬರುವ ಮೆಸೇಜು ನೋಡುವುದು, ಸಿಸ್ಟಮ್ ಕೇಳಿದ್ದಕ್ಕೆ ಉತ್ತರ ಕೊಡುವುದು, ಬ್ಯಾಚ್ ಜಾಬುಗಳು (ಸರದಿಯಲ್ಲಿ ತಾವಾಗಿ ಓಡುವ ಕೆಲಸಗಳು) ಹೊತ್ತಿಗೆ ಸರಿಯಾಗಿ ಮುಗಿಯುತ್ತಿವೆಯಾ ಅಂತ ಗಮನಿಸುವುದು, ಬೇಕಾದಾಗ ಸಿಸ್ಟಮ್ ಇಳಿಸಿ ಮತ್ತೆ ಏರಿಸುವುದು ಅವರ ಪಾಲಿನದು. ಸಿಸ್ಟಮ್ ಪ್ರೋಗ್ರಾಮರ್, ಬಾಯಿಮಾತಿನಲ್ಲಿ ಸಿಸ್‌ಪ್ರೋಗ್, ಅದನ್ನು ಕಟ್ಟಿ ನಿಲ್ಲಿಸುವವರು. ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್ ಆದ ಝಡ್/ಓಎಸ್ ಇನ್‌ಸ್ಟಾಲ್ ಮಾಡುವುದು, ಐಬಿಎಂ ಕಳಿಸುವ ಪಿಟಿಎಫ್‌ಗಳನ್ನು (ದೋಷ ತಿದ್ದುವ ಪ್ಯಾಚ್‌ಗಳು) ಹಾಕುವುದು, ಸಿಸ್ಟಮ್‌ನ ಸೆಟ್ಟಿಂಗ್‌ಗಳಿರುವ ಪಾರ್ಮ್‌ಲಿಬ್ ನೋಡಿಕೊಳ್ಳುವುದು, ಸಿಸ್ಟಮ್ ಬಿದ್ದರೆ ಡಂಪ್ (ಆ ಹೊತ್ತಿನ ಮೆಮೊರಿಯ ಕಾಪಿ) ಓದಿ ಕಾರಣ ಹುಡುಕುವುದು ಅವರ ಕೆಲಸ. ಕೋಬಾಲ್‌ನಲ್ಲಿ ಪ್ರೋಗ್ರಾಮ್ ಬರೆಯುವುದು ಮೂರನೆಯದು, ಅದೇ ಬೇರೆ. ಆದರೆ ಮೂರನ್ನೂ ‘ಮೇನ್‌ಫ್ರೇಮ್ ಕೋರ್ಸ್’ ಅನ್ನುವ ಒಂದೇ ಹೆಸರಲ್ಲಿ ಮಾರುವುದು ಜಾಸ್ತಿ. ಕೋಬಾಲ್, ಜೆಸಿಎಲ್ (ಜಾಬಿಗೆ ಸೂಚನೆ ಬರೆಯುವ ಭಾಷೆ), ಡಿಬಿ2 (ಡೇಟಾಬೇಸ್), ಸಿಐಸಿಎಸ್ (ಆನ್‌ಲೈನ್ ವ್ಯವಹಾರ ನಡೆಸುವ ಸಾಫ್ಟ್‌ವೇರ್) ಅಂತ ಸಿಲಬಸ್‌ನಲ್ಲಿ ಕಂಡರೆ ಅದು ಅಪ್ಲಿಕೇಶನ್ ಕಡೆಯವರಿಗೆ. ಕೆಟ್ಟ ಕೋರ್ಸ್ ಅಂತಲ್ಲ. ನಿಮಗೆ ಬೇಕಾದದ್ದು ಅದಲ್ಲ, ಅಷ್ಟೆ.

ತರಬೇತಿಯ ಪ್ರಶ್ನೆ ಈಗ ಇಷ್ಟು ದೊಡ್ಡದಾಗಲು ಒಂದು ಕಾರಣ ಇದೆ. ಐಬಿಎಂ 1964ರ ಏಪ್ರಿಲ್ 7ರಂದು ಸಿಸ್ಟಮ್/360 ಮೇನ್‌ಫ್ರೇಮ್ ಪ್ರಕಟಿಸಿತು. ಅಲ್ಲಿಂದ ಮುಂದೆ ಎಷ್ಟೋ ವರ್ಷ ಆಪರೇಟರ್ ದಿನವಿಡೀ ಕನ್ಸೋಲ್ ಜೊತೆ ಮಾತಾಡುತ್ತಲೇ ಇದ್ದರು. ಟೇಪ್ ಹಾಕು ಅನ್ನುತ್ತಿತ್ತು, ಹಾಕುತ್ತಿದ್ದರು. ಪ್ರಿಂಟರ್‌ನಲ್ಲಿ ಪೇಪರ್ ಬದಲಿಸು ಅನ್ನುತ್ತಿತ್ತು, ಬದಲಿಸುತ್ತಿದ್ದರು. ಆ ಸಣ್ಣಪುಟ್ಟ ಕೆಲಸಗಳ ನಡುವೆಯೇ ಯಾವ ಮೆಸೇಜು ಮಾಮೂಲು, ಯಾವುದು ಅಪಾಯದ್ದು ಅನ್ನುವುದು ಕಣ್ಣಿಗೆ ಕೂತುಬಿಡುತ್ತಿತ್ತು. ಈಗ ಮಾಮೂಲು ಮೆಸೇಜುಗಳನ್ನು ಸಿಸ್ಟಮ್ಮೇ ಮರೆಮಾಡುತ್ತದೆ. ಮಾಮೂಲು ಪ್ರಶ್ನೆಗಳಿಗೆ ಆಟೊಮೇಶನ್ ಉತ್ತರ ಕೊಡುತ್ತದೆ. ಟೇಪ್ ಕೂಡ ಬಹಳ ಕಡೆ ವರ್ಚುವಲ್. ಹಾಗಾಗಿ ಮನುಷ್ಯರ ತನಕ ಬರುವುದು ಆಟೊಮೇಶನ್‌ಗೆ ಬಗೆಹರಿಯದ ಸಂಗತಿ ಮಾತ್ರ. ದಿನದ ರೂಢಿಯಿಂದ ತಾನಾಗಿ ಬರುತ್ತಿದ್ದ ಕಲಿಕೆ ಹೋಯಿತು, ಕಷ್ಟದ ಭಾಗ ಮಾತ್ರ ಹಾಗೇ ಉಳಿಯಿತು. ಆ ಕಲಿಕೆಯನ್ನು ಈಗ ಕೋರ್ಸ್‌ನಲ್ಲೇ ತುಂಬಿಕೊಡಬೇಕು. ಹೆಚ್ಚಿನ ಕೋರ್ಸುಗಳು ಎಲ್ಲ ಸರಿಯಾಗಿ ನಡೆಯುತ್ತಿರುವ ಸಿಸ್ಟಮ್ಮನ್ನೇ ತೋರಿಸಿ ಮುಗಿಸುತ್ತವೆ. ನನ್ನ ತಕರಾರು ಇರುವುದು ಇಲ್ಲೇ.

ಆಪರೇಟರ್‌ಗಳಿಗೆ ನಾನು ಮೊದಲು ಕಲಿಸುವುದು ಮೆಸೇಜು ಓದುವುದನ್ನು. ಮೆಸೇಜಿನ ಗುರುತಿನ ಶುರುವಿನ ಅಕ್ಷರಗಳು ಅದು ಎಲ್ಲಿಂದ ಬಂತು ಅಂತ ಹೇಳುತ್ತವೆ. ಐಎಸ್‌ಟಿ ಅಂದರೆ ನೆಟ್‌ವರ್ಕ್ ನೋಡುವ ವಿಟ್ಯಾಮ್, ಡಿಎಫ್‌ಎಚ್ ಅಂದರೆ ಸಿಐಸಿಎಸ್, ಐಸಿಎಚ್ ಅಂದರೆ ಭದ್ರತೆ ನೋಡುವ ರ್‍ಯಾಕ್‌ಎಫ್. ಜಾಬುಗಳನ್ನು ಸರದಿಯಲ್ಲಿಟ್ಟು ನಡೆಸುವ ಜೆಸ್2ರ ಮೆಸೇಜುಗಳ ಮೊದಲಿಗೆ ಇವತ್ತಿಗೂ ‘ಹ್ಯಾಸ್ಪ್’ ಅಂತಲೇ ಬರುತ್ತದೆ. ಅದು 1960ರ ದಶಕದಲ್ಲಿ ಹೂಸ್ಟನ್‌ನ ನಾಸಾ ಕೇಂದ್ರದಲ್ಲಿ ಐಬಿಎಂನವರು ಬರೆದ ಸ್ಪೂಲಿಂಗ್ ಪ್ರೋಗ್ರಾಮಿನ ಹೆಸರು. ಗುರುತಿನ ಕೊನೆಯ ಅಕ್ಷರ ಇನ್ನೂ ಮುಖ್ಯ. ಐ ಇದ್ದರೆ ಸುಮ್ನೆ ಮಾಹಿತಿ. ಎ ಇದ್ದರೆ ನೀವು ಏನೋ ಮಾಡಬೇಕು. ಡಿ ಇದ್ದರೆ ನೀವೊಂದು ತೀರ್ಮಾನ ತಗೊಳ್ಳಬೇಕು. ಇ ಇದ್ದರೆ ಈಗಲೇ ಅಲ್ಲ, ಆದರೆ ಮಾಡಲೇಬೇಕು.

ಐಇಎಫ್450ಐ ಅನ್ನುವ ಮೆಸೇಜನ್ನೇ ನೋಡಿ. ಒಂದು ಜಾಬ್ ನಡುವೆ ಬಿತ್ತು, ಅಬೆಂಡ್ ಆಯಿತು ಅನ್ನುತ್ತದೆ. ಕೊನೆಯಲ್ಲಿರುವುದು ಐ, ಅಂದರೆ ಬರೀ ಮಾಹಿತಿ. ಸಿಸ್ಟಮ್‌ಗೆ ಅದು ಮಾಹಿತಿಯೇ. ಆಪರೇಟರ್‌ಗೆ ಅಲ್ಲಿಂದಲೇ ಕೆಲಸ ಶುರು, ಯಾಕೆಂದರೆ ಈ ರಾತ್ರಿ ಯಾರನ್ನು ಎಬ್ಬಿಸಬೇಕು ಅನ್ನುವುದು ಆ ಸಾಲಿನಲ್ಲಿರುವ ಕೋಡ್ ಮೇಲೆ ನಿಂತಿದೆ. ಎಸ್0ಸಿ7 ಆದರೆ ಸಂಖ್ಯೆ ಇರಬೇಕಾದ ಕಡೆ ಸಂಖ್ಯೆಯಲ್ಲದ ಡೇಟಾ ಬಂದಿದೆ, ಅಪ್ಲಿಕೇಶನ್ ತಂಡಕ್ಕೆ ಫೋನ್ ಮಾಡಿ. ಎಸ್‌ಬಿ37 ಆದರೆ ಡಿಸ್ಕ್‌ನಲ್ಲಿ ಜಾಗ ಸಾಲಲಿಲ್ಲ, ಸ್ಟೋರೇಜ್ ನೋಡುವವರಿಗೆ ಹೇಳಿ. ಎಸ್913 ಆದರೆ ಪರ್ಮಿಶನ್ ಇಲ್ಲ, ಭದ್ರತೆಯವರ ವಿಷಯ. ಎಸ್806 ಆದರೆ ಪ್ರೋಗ್ರಾಮೇ ಸಿಗಲಿಲ್ಲ. ಹಿಂದಿನ ದಿನ ಸಿಸ್ಟಮ್‌ನಲ್ಲಿ ಏನಾದರೂ ಬದಲಾವಣೆ ಮಾಡಿದ್ದರೆ ಸಿಸ್‌ಪ್ರೋಗ್‌ನ ನಿದ್ದೆ ಕೆಡಿಸಿ, ಸಂಕೋಚ ಬೇಡ.

ಇನ್ನು ಕೆಡಿಸುವ ಪಾಠಕ್ಕೆ ಬರೋಣ. ನನಗೆ ತುಂಬ ಇಷ್ಟವಾದದ್ದು ಸ್ಪೂಲ್ ತುಂಬಿಸುವ ಪಾಠ. ಜಾಬುಗಳ ಔಟ್‌ಪುಟ್ ಎಲ್ಲ ಹೋಗಿ ಕೂರುವ ಡಿಸ್ಕ್ ಜಾಗವೇ ಸ್ಪೂಲ್. ತರಬೇತಿಯ ಸಿಸ್ಟಮ್‌ನಲ್ಲಿ ಅದನ್ನು ಬೇಕಂತಲೇ ಚಿಕ್ಕದಾಗಿ ಇಡುತ್ತೇನೆ. ಒಂದೇ ಸಾಲನ್ನು ನಿಲ್ಲಿಸದೆ ಬರೆಯುತ್ತಾ ಹೋಗುವ ಒಂದು ಜಾಬ್ ಬಿಡುತ್ತೇನೆ, ಯಾರಿಗೂ ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಹ್ಯಾಸ್ಪ್050 ಬರುತ್ತದೆ, ಜಾಗ ಕಮ್ಮಿಯಾಗುತ್ತಿದೆ ಅಂತ. ಎಷ್ಟೋ ಸಲ ಯಾರೂ ಅದನ್ನು ಗಮನಿಸುವುದಿಲ್ಲ. ಆಮೇಲೆ ಸ್ಪೂಲ್ ಪೂರ್ತಿ ತುಂಬುತ್ತದೆ. ಔಟ್‌ಪುಟ್ ಬರೆಯಬೇಕಾದ ಜಾಬುಗಳು ಇದ್ದಲ್ಲೇ ನಿಲ್ಲುತ್ತವೆ. ಹೊಸದಾಗಿ ಟಿಎಸ್‌ಓಗೆ (ಬಳಕೆದಾರರು ಸಿಸ್ಟಮ್ ಒಳಗೆ ಕೂತು ಕೆಲಸ ಮಾಡುವ ಜಾಗ) ಲಾಗಾನ್ ಆಗಲು ಹೊರಟವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ, ಯಾಕೆಂದರೆ ಲಾಗಾನ್‌ಗೂ ಸ್ಪೂಲ್‌ನಲ್ಲಿ ಜಾಗ ಬೇಕು.

ಪಾಠ ಶುರುವಾಗುವುದು ಇಲ್ಲಿಂದ. ಅಷ್ಟು ದಿನ ಟಿಎಸ್‌ಓ ಒಳಗೆ ಜಾಬುಗಳ ಪಟ್ಟಿ ತೋರಿಸುವ ಎಸ್‌ಡಿಎಸ್‌ಎಫ್ ಪರದೆಯ ಮೇಲೆ ಜಾಬಿನ ಪಕ್ಕ ಒಂದು ಅಕ್ಷರ ಒತ್ತಿ ಕೆಲಸ ಮುಗಿಸುತ್ತಿದ್ದವರಿಗೆ ಆ ಪರದೆಯೇ ಇಲ್ಲ. ಉಳಿದಿರುವುದು ಕನ್ಸೋಲ್, ಡಾಲರ್ ಚಿಹ್ನೆಯಿಂದ ಶುರುವಾಗುವ ಜೆಸ್2 ಕಮಾಂಡುಗಳು. ಸ್ಪೂಲ್‌ನಲ್ಲಿ ಇಂತಿಷ್ಟು ಶೇಕಡಾಕ್ಕಿಂತ ಜಾಸ್ತಿ ಹಿಡಿದಿರುವ ಜಾಬುಗಳನ್ನು ಮಾತ್ರ ತೋರಿಸು ಅಂತ ಜೆಸ್2ಗೆ ಕೇಳಬಹುದು. ಗೊತ್ತಿದ್ದವರು ಕೂಡಲೇ ಕೇಳುತ್ತಾರೆ, ಗೊತ್ತಿಲ್ಲದವರು ಮ್ಯಾನುಯಲ್ ತೆಗೆಯುತ್ತಾರೆ. ತೆಗೆಯಲಿ, ಅದೂ ಕಲಿಕೆಯೇ. ಜಾಬ್ ಸಿಕ್ಕಿತು, ಕ್ಯಾನ್ಸಲ್ ಮಾಡಿದರು. ಆದರೂ ಸ್ಪೂಲ್ ಖಾಲಿಯಾಗಲಿಲ್ಲ! ಜಾಬ್ ನಿಂತಿತೇ ಹೊರತು ಅದು ಆಗಲೇ ಬರೆದ ಔಟ್‌ಪುಟ್ ಅಲ್ಲೇ ಕೂತಿದೆ. ಅದನ್ನು ಪರ್ಜ್ ಮಾಡಬೇಕು, ಅಂದರೆ ಅಳಿಸಿಹಾಕಬೇಕು. ಪರ್ಜ್ ಮಾಡುವ ಮೊದಲು ಜಾಬಿನ ಹೆಸರು, ನಂಬರು, ಯಾರದು ಅನ್ನುವುದನ್ನು ಬರೆದಿಟ್ಟುಕೊಳ್ಳಬೇಕು, ಇಲ್ಲವಾದರೆ ಬೆಳಿಗ್ಗೆ ಕೇಳುವವರಿಗೆ ತೋರಿಸಲು ಏನೂ ಇರುವುದಿಲ್ಲ. ಇದೇ ಹೊತ್ತಿನಲ್ಲಿ ಸಿಸ್‌ಪ್ರೋಗ್ ಕಡೆಯವರು ಹೊಸ ಸ್ಪೂಲ್ ವಾಲ್ಯೂಮ್ (ಡಿಸ್ಕ್) ಸೇರಿಸುವುದನ್ನು ಅಭ್ಯಾಸ ಮಾಡುತ್ತಾರೆ. ಇಬ್ಬರೂ ಒಟ್ಟಿಗೆ ಕೂತು ಮಾಡುವ ಪಾಠ ಇದು. ಎರಡೂ ಕಡೆಯವರನ್ನು ಬೇರೆ ಬೇರೆ ಕೋಣೆಗಳಲ್ಲೇ ಕೂರಿಸಿ ಕಲಿಸಿ ಮುಗಿಸುವ ಕೋರ್ಸುಗಳು ಈ ಅವಕಾಶ ಕಳೆದುಕೊಳ್ಳುತ್ತವೆ.

ಒಟ್ಟಿಗೆ ಕಲಿಯಲೇಬೇಕಾದ ಇನ್ನೊಂದು ವಿಷಯ ಸ್ಟ್ಯಾಂಡ್‌ಅಲೋನ್ ಡಂಪ್. ಸಿಸ್ಟಮ್ ವೇಟ್ ಸ್ಟೇಟ್‌ಗೆ ಹೋಗಿ ಪೂರ್ತಿ ನಿಂತುಬಿಟ್ಟಿದೆ ಅಂದುಕೊಳ್ಳಿ. ಫೋನ್ ಮೇಲೆ ಫೋನ್ ಬರುತ್ತಿದೆ. ಬೇಗ ಐಪಿಎಲ್ ಮಾಡಿ, ಅಂದರೆ ಮೊದಲಿಂದ ಬೂಟ್ ಮಾಡಿ, ಸಿಸ್ಟಮ್ ಏರಿಸಿಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಹಾಗೆ ಮಾಡಿದರೆ ಯಾಕೆ ನಿಂತಿತು ಅನ್ನುವುದಕ್ಕೆ ಮೆಮೊರಿಯಲ್ಲಿದ್ದ ಸಾಕ್ಷಿ ಹೋಯಿತು. ನಾಳೆ ಅದೇ ಹೊತ್ತಿಗೆ ಮತ್ತೆ ನಿಂತರೂ ನಿಲ್ಲಬಹುದು. ಮೊದಲು ಡಂಪ್ ಪ್ರೋಗ್ರಾಮನ್ನು ಐಪಿಎಲ್ ಮಾಡಿ ಮೆಮೊರಿಯನ್ನು ಡಿಸ್ಕ್‌ಗೆ ಇಳಿಸಿಕೊಳ್ಳಬೇಕು, ಆಮೇಲೆ ಸಿಸ್ಟಮ್. ಯಂತ್ರವನ್ನೇ ನಿಯಂತ್ರಿಸುವ ಎಚ್‌ಎಂಸಿ ಪರದೆಯ ಮೇಲೆ ಲೋಡ್ ಮಾಡುವಾಗ ‘ನಾರ್ಮಲ್’, ‘ಕ್ಲಿಯರ್’ ಅಂತ ಎರಡು ಆಯ್ಕೆ ಅಕ್ಕಪಕ್ಕ ಇರುತ್ತವೆ. ಕ್ಲಿಯರ್ ಒತ್ತಿದರೆ ಮೆಮೊರಿ ಅಳಿಸಿಹೋಗುತ್ತದೆ, ಡಂಪ್ ತೆಗೆದೂ ಉಪಯೋಗ ಇಲ್ಲ. ಇದನ್ನು ಓದಿ ನೆನಪಿಟ್ಟುಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಗಡಿಬಿಡಿಯಲ್ಲಿ ಕೈ ತಾನಾಗಿ ಸರಿಯಾದ ಕಡೆ ಹೋಗುವಷ್ಟು ಸಲ ಮಾಡಿರಬೇಕು.

ಸಿಸ್‌ಪ್ರೋಗ್ ಆಗುವವರಿಗೆ ನಾನು ಬೇಗ ಮಾಡಿಸುವುದು ಅಲ್ಪವಿರಾಮದ ಅಭ್ಯಾಸ. ಪಾರ್ಮ್‌ಲಿಬ್‌ನಲ್ಲಿ ಐಇಎಎಸ್‌ವೈಎಸ್ ಅನ್ನುವ ಮೆಂಬರ್ (ಒಂದು ಫೈಲಿನಂಥದ್ದು) ಇದೆ. ಐಪಿಎಲ್ ಹೊತ್ತಿನಲ್ಲಿ ಸಿಸ್ಟಮ್ ಹೇಗೆ ಏಳಬೇಕು ಅನ್ನುವುದನ್ನು ಅದು ಸಾಲು ಸಾಲಾಗಿ ಹೇಳುತ್ತದೆ. ಕೊನೆಯದನ್ನು ಬಿಟ್ಟು ಪ್ರತಿ ಸಾಲಿನ ಕೊನೆಗೆ ಅಲ್ಪವಿರಾಮ. ಅಲ್ಪವಿರಾಮ ಇಲ್ಲದ ಮೊದಲ ಸಾಲು ಬಂದ ಕೂಡಲೇ ಮೆಂಬರ್ ಮುಗಿಯಿತು ಅಂತ ಸಿಸ್ಟಮ್ ತಿಳಿದುಕೊಳ್ಳುತ್ತದೆ. ಕೆಳಗಿನ ಸಾಲುಗಳನ್ನು ನೋಡುವುದೇ ಇಲ್ಲ. ಅಲ್ಲಿ ಬರೆದದ್ದೆಲ್ಲ ಬಿಟ್ಟುಹೋಗಿ ಡೀಫಾಲ್ಟ್ ಬಂದು ಕೂರುತ್ತದೆ. ನಡುವಿನ ಒಂದು ಅಲ್ಪವಿರಾಮ ಅಳಿಸಿ ಐಪಿಎಲ್ ಮಾಡಿ ಅಂತ ಹೇಳುತ್ತೇನೆ. ಸಿಸ್ಟಮ್ ಏಳುತ್ತದೆ, ಆದರೆ ಏನೋ ಸರಿ ಇರುವುದಿಲ್ಲ. ಏನು ಅಂತ ಹುಡುಕುವುದೇ ಆ ದಿನದ ಕೆಲಸ. ಒಮ್ಮೆ ಹೀಗೆ ಹುಡುಕಿದವರು ಮುಂದೆ ಯಾವ ಬದಲಾವಣೆ ಮಾಡಿದರೂ ಹಳೆಯ ಮೆಂಬರ್‌ನ ಕಾಪಿ ಇಟ್ಟುಕೊಳ್ಳುತ್ತಾರೆ. ಹೊಸ ಮೆಂಬರ್ ಕೈಕೊಟ್ಟರೆ ಬೇರೆ ಸಫಿಕ್ಸ್ (ಮೆಂಬರ್ ಹೆಸರಿನ ಕೊನೆಯ ಅಕ್ಷರಗಳು) ಕೊಟ್ಟು ಏಳಿಸುವ ದಾರಿಯನ್ನೂ ಮೊದಲೇ ಸಿದ್ಧ ಮಾಡಿಕೊಳ್ಳುತ್ತಾರೆ.

ಪಿಟಿಎಫ್ ಹಾಕಲು ಬಳಸುವ ಎಸ್‌ಎಂಪಿ/ಇ ಬಗ್ಗೆ ಎಲ್ಲ ಕೋರ್ಸೂ ಹೇಳುತ್ತದೆ. ರಿಸೀವ್, ಅಪ್ಲೈ, ಆಕ್ಸೆಪ್ಟ್ ಅನ್ನುವ ಮೂರು ಹೆಜ್ಜೆ ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಲಿಯಬೇಕಾದದ್ದು ಆ ಹೆಜ್ಜೆಗಳ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದು. ಅಪ್ಲೈ ಮಾಡುವ ಮೊದಲು ಅಪ್ಲೈ ಚೆಕ್ ಓಡಿಸಿದರೆ ಏನನ್ನೂ ಬದಲಿಸದೆ ಏನಾಗುತ್ತಿತ್ತು ಅಂತ ತೋರಿಸುತ್ತದೆ. ಅಲ್ಲಿ ಹೋಲ್ಡ್‌ಗಳು, ಅಂದರೆ ತಡೆಗಳು, ಕಾಣಿಸುತ್ತವೆ. ಒಂದು ಬಗೆಯ ಹೋಲ್ಡ್, ಈ ಪಿಟಿಎಫ್ ಹಾಕಿದರೆ ನೀವು ಕೈಯಾರೆ ಇಂಥದ್ದೊಂದು ಮಾಡಬೇಕು ಅಥವಾ ಐಪಿಎಲ್ ಬೇಕು ಅನ್ನುತ್ತದೆ. ಓದಿ, ಮಾಡಿ, ಮುಂದೆ ಹೋಗಿ. ಇನ್ನೊಂದು ಬಗೆಯದು, ಈ ಪಿಟಿಎಫ್‌ನಲ್ಲೇ ದೋಷ ಇದೆ ಅನ್ನುತ್ತದೆ. ಎರಡಕ್ಕೂ ಬೈಪಾಸ್ ಅಂತ ಬರೆದು ದಾಟಬಹುದು. ಕೆಲಸ ಬೇಗ ಮುಗಿಸುವ ಆಸೆಗೆ ಎರಡನ್ನೂ ಒಂದೇ ಸಾಲಿನಲ್ಲಿ ಬೈಪಾಸ್ ಮಾಡುವ ಜೆಸಿಎಲ್ ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ದಯವಿಟ್ಟು ಅಂಥದ್ದನ್ನು ಮುಟ್ಟಬೇಡಿ. ಆಕ್ಸೆಪ್ಟ್ ಮಾಡುವ ಮುಂಚೆ ರಿಸ್ಟೋರ್ ಮಾಡಿ ಹಿಂದಕ್ಕೆ ಬರಬಹುದು, ಆಕ್ಸೆಪ್ಟ್ ಆದ ಮೇಲೆ ಆ ದಾರಿ ಮುಚ್ಚಿತು. ತರಬೇತಿಯಲ್ಲಿ ಎರಡನ್ನೂ ಮಾಡಿ ನೋಡಿ, ದಾರಿ ಹೇಗೆ ಮುಚ್ಚುತ್ತದೆ ಅಂತ ಕಣ್ಣಾರೆ ಕಾಣಲಿ.

ಅಸೆಂಬ್ಲರ್ (ಯಂತ್ರದ ಮಟ್ಟದ ಭಾಷೆ) ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬರೆಯುವಷ್ಟು ಬೇಡ. ಡಂಪ್‌ನಲ್ಲಿ ಪ್ರೋಗ್ರಾಮ್ ಎಲ್ಲಿತ್ತು ಅಂತ ಹೇಳುವ ಪಿಎಸ್‌ಡಬ್ಲ್ಯೂ, ರಿಜಿಸ್ಟರ್ ನೋಡಿ ಎಲ್ಲಿ ಬಿತ್ತು ಅಂತ ಗುರುತಿಸುವಷ್ಟು ಬೇಕೇ ಬೇಕು.

ಇಂಥ ಸಿಸ್ಟಮ್ ತರಬೇತಿ ಕೊಡುವವರ ಹತ್ತಿರ ಇರುತ್ತದಾ? ಇರಬೇಕು, ಅದು ಅಸಾಧ್ಯವೇನಲ್ಲ. ಒಂದೇ ಯಂತ್ರದಲ್ಲಿ ಹಲವು ಸಿಸ್ಟಮ್‌ಗಳನ್ನು ಗೆಸ್ಟ್ ಆಗಿ ಓಡಿಸುವ ಝಡ್/ವಿಎಂ ಕೆಳಗೆ ಒಬ್ಬೊಬ್ಬರಿಗೂ ಒಂದೊಂದು ಝಡ್/ಓಎಸ್ ಗೆಸ್ಟ್ ಕೊಡಬಹುದು. ಒಬ್ಬರು ಕೆಡಿಸಿದರೆ ಪಕ್ಕದವರಿಗೆ ಏನೂ ಆಗುವುದಿಲ್ಲ, ಹಳೆಯ ಕಾಪಿ ಹಾಕಿದರೆ ಮತ್ತೆ ಮೊದಲಿನಂತೆ. ಸೇರುವ ಮೊದಲು ಇದನ್ನು ನೇರವಾಗಿ ಕೇಳಿ. ಐಪಿಎಲ್ ನಾನೇ ಮಾಡುತ್ತೇನಾ, ಪಾರ್ಮ್‌ಲಿಬ್ ಬದಲಿಸಲು ನನಗೆ ಅಧಿಕಾರ ಇರುತ್ತದಾ, ನನ್ನ ಗೆಸ್ಟ್ ನನಗೊಬ್ಬನಿಗೇನಾ? ‘ಇನ್‌ಸ್ಟ್ರಕ್ಟರ್ ಮಾಡಿ ತೋರಿಸುತ್ತಾರೆ’ ಅನ್ನುವ ಉತ್ತರ ಬಂದರೆ ಅದು ಪರಿಚಯದ ತರಗತಿ ಅಂತ ತಿಳಿದುಕೊಳ್ಳಿ. ಪರಿಚಯದ ದುಡ್ಡಷ್ಟೇ ಕೊಡಿ.

ಕಂಪನಿಯ ಬೆಂಬಲ ಇಲ್ಲದೆ ಸ್ವಂತಕ್ಕೆ ಕಲಿಯುವವರು ಬಹಳ ಜನ ಇದ್ದಾರೆ. ಅವರಿಗೆ ಎರಡು ದಾರಿ ಹೇಳುತ್ತೇನೆ. ಐಬಿಎಂ ಝಡ್ ಎಕ್ಸ್‌ಪ್ಲೋರ್ ದುಡ್ಡಿಲ್ಲದೆ ಸಿಗುತ್ತದೆ. ಹಿಂದೆ ವಿದ್ಯಾರ್ಥಿಗಳಿಗೆ ನಡೆಯುತ್ತಿದ್ದ ಮಾಸ್ಟರ್ ದಿ ಮೇನ್‌ಫ್ರೇಮ್ ಸ್ಪರ್ಧೆಯ ಜಾಗದಲ್ಲಿ ಬಂದದ್ದು ಇದು. ನಿಜವಾದ ಝಡ್/ಓಎಸ್ ಮೇಲೆ ಡೇಟಾಸೆಟ್ (ಮೇನ್‌ಫ್ರೇಮ್‌ನ ಫೈಲು), ಜೆಸಿಎಲ್, ರೆಕ್ಸ್ (ಸ್ಕ್ರಿಪ್ಟ್ ಭಾಷೆ) ಕಲಿಯಲು ತುಂಬ ಒಳ್ಳೆಯದು. ಆದರೆ ಅಲ್ಲಿ ನೀವು ಒಬ್ಬ ಬಳಕೆದಾರ. ಸಿಸ್ಟಮ್ ನಿಮ್ಮ ಕೈಯಲ್ಲಿಲ್ಲ.

ಸಿಸ್ಟಮ್ ಕೈಯಲ್ಲೇ ಬೇಕು ಅಂದರೆ ಹರ್ಕ್ಯುಲಿಸ್ ಇದೆ. 1999ರಲ್ಲಿ ರೋಜರ್ ಬೌಲರ್ ಶುರು ಮಾಡಿದ ಎಮ್ಯುಲೇಟರ್ (ಮೇನ್‌ಫ್ರೇಮ್‌ನಂತೆ ನಡೆದುಕೊಳ್ಳುವ ಪ್ರೋಗ್ರಾಮ್) ಅದು, ಸಾಮಾನ್ಯ ಲ್ಯಾಪ್‌ಟಾಪ್ ಮೇಲೆ ಓಡುತ್ತದೆ. ಅದರ ಮೇಲೆ ಝಡ್/ಓಎಸ್ ಓಡಿಸಲು ಐಬಿಎಂ ಲೈಸೆನ್ಸ್ ಕೊಡುವುದಿಲ್ಲ, ಹಾಗಾಗಿ ಎಲ್ಲೋ ಸಿಕ್ಕಿದ ಕಾಪಿ ಹಾಕಿಕೊಳ್ಳಬೇಡಿ. ಝಡ್/ಓಎಸ್‌ನ ಪೂರ್ವಜನಾದ ಹಳೆಯ ಎಂವಿಎಸ್ 3.8ಜೆ ಹಾಕಲು ಅಡ್ಡಿಯಿಲ್ಲ. ರ್‍ಯಾಕ್‌ಎಫ್, ಸಿಸ್‌ಪ್ಲೆಕ್ಸ್ (ಹಲವು ಸಿಸ್ಟಮ್ ಒಂದಾಗಿ ನಡೆಯುವ ಏರ್ಪಾಡು) ಇಲ್ಲದ ಸಿಸ್ಟಮ್ ಅದು. ಇವತ್ತಿನ ಕೆಲಸಕ್ಕೆ ಅಷ್ಟೇ ಸಾಲುವುದಿಲ್ಲ, ನಿಜ. ಆದರೂ ಐಪಿಎಲ್ ಮಾಡಿದಾಗ ಸಿಸ್ಟಮ್ ಪ್ಯಾರಾಮೀಟರ್ ಕೊಡಿ ಅಂತ ಕೇಳಿ ನಿಮ್ಮ ಉತ್ತರಕ್ಕೆ ಕಾಯುತ್ತದೆ. ಜೆಸ್2 ಇದೆ, ಡಾಲರ್ ಕಮಾಂಡುಗಳಿವೆ, ತುಂಬಿಸಲು ಸ್ಪೂಲ್ ಇದೆ. ಎಸ್‌ಎಂಪಿ/ಇ ಬದಲು ಅದರ ಹಿರಿಯ ಎಸ್‌ಎಂಪಿ4 ಇದೆ, ಅಲ್ಲೂ ಅದೇ ರಿಸೀವ್, ಅಪ್ಲೈ, ಆಕ್ಸೆಪ್ಟ್. ಡಿಸ್ಕ್ ಅಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಕೆಲವು ಫೈಲುಗಳು, ಅಷ್ಟೆ. ಅವುಗಳ ಒಂದು ಕಾಪಿ ಬೇರೆ ಫೋಲ್ಡರ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಆಮೇಲೆ ಧೈರ್ಯವಾಗಿ ಪಾರ್ಮ್‌ಲಿಬ್‌ಗೆ ಕೈ ಹಾಕಿ.