ಬೆಂಕಿಪೊಟ್ಟಣದಷ್ಟು ಹಿಡಿತ

ಕಾರವಾರದಲ್ಲಿ ನಮ್ಮ ಹಿತ್ತಲು ಮುಗಿಯುವಲ್ಲೇ ಗುಡ್ಡ ಶುರುವಾಗುತ್ತದೆ. ಈ ಊರಿನ ರೀತಿಯೇ ಹಾಗೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಪಾದ. ನಡುವೆ ಸಿಕ್ಕಷ್ಟು ಜಾಗದಲ್ಲಿ ಹೆದ್ದಾರಿ, ಬಜಾರು, ಮನೆ, ತೆಂಗಿನ ಮರ ಎಲ್ಲ ಒತ್ತಿಕೊಂಡು ಕೂತಿವೆ. ನಮ್ಮ ಹಿಂದಿನ ಗುಡ್ಡದಲ್ಲಿ ಅರ್ಧ ಗೇರು, ಅರ್ಧ ಅಕೇಶಿಯಾ. ಸೌದೆಗೆ, ಗೇರುಬೀಜಕ್ಕೆ ಹೋಗುವವರು ತುಳಿದು ತುಳಿದು ಆದ ಒಂದು ಕಾಲುದಾರಿ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ನನ್ನ ಅಕ್ಕನ ಮಗ ಗೇರ್ ಸೈಕಲ್ ತಂದ ಮೇಲೆ ಅದು ನಮ್ಮಿಬ್ಬರ ಸೈಕಲ್ ದಾರಿಯೂ ಆಯಿತು.

ಮೊದಲ ದಿನ ಕೆಳಗೆ ನಿಂತು ನೋಡಿ ನಾನು ಹೇಳಿದೆ, "ಇದು ಏನಿಲ್ಲ ಅಂದ್ರೂ 40 ಡಿಗ್ರಿ ಇದೆ ಮಾರಾಯ."

"ನೋಡೇ ಬಿಡೋಣ ಮಾಮಾ" ಅಂತ ಅವನು ದಾರಿಯ ಮೇಲೆ ಒಂದು ಹಲಗೆ ಇಟ್ಟ. ಹಲಗೆಯ ಮೇಲೆ ಫೋನ್ ಇಟ್ಟ. ಫೋನ್ ತೋರಿಸಿದ್ದು 9 ಡಿಗ್ರಿ. ನನಗೆ ನಂಬಿಕೆ ಬರಲಿಲ್ಲ. ಬೇರೆ ಮೂರು ಕಡೆ ಇಡಿಸಿದೆ. 8, 10, ಮತ್ತೆ 9.

ಸಮಾಧಾನದ ವಿಷಯ ಅಂದ್ರೆ, ಈ ತಪ್ಪು ನನ್ನೊಬ್ಬನದಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೆನ್ನಿಸ್ ಪ್ರಾಫಿಟ್ ಮತ್ತು ಜೊತೆಗಾರರು ಜನರನ್ನು ಗುಡ್ಡಗಳ ಕೆಳಗೆ ನಿಲ್ಲಿಸಿ ಇದನ್ನೇ ಕೇಳಿದ್ದರು. 1995ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 5 ಡಿಗ್ರಿಯ ಇಳಿಜಾರನ್ನು ಜನ ಸುಮಾರು 20 ಡಿಗ್ರಿ ಅಂದರು. 10 ಡಿಗ್ರಿಯದ್ದನ್ನು 30 ಅಂದರು. ಬೆನ್ನಿಗೆ ಭಾರದ ಚೀಲ ಹಾಕಿದರೆ ಗುಡ್ಡ ಇನ್ನೂ ಕಡಿದಾಗಿ ಕಾಣುತ್ತದೆ ಅಂತಲೂ ಆ ಗುಂಪು ಆಮೇಲೆ ಬರೆಯಿತು. ಕಣ್ಣು ಕೋನವನ್ನಷ್ಟೇ ಅಳೆಯುವುದಿಲ್ಲ, ಹತ್ತುವ ಕಷ್ಟವನ್ನೂ ಸೇರಿಸಿ ಹೇಳುತ್ತದೆ ಅನ್ನುವುದು ಅವರ ವಾದ. ಈ ವಾದಕ್ಕೆ ತಕರಾರು ತೆಗೆದ ವಿಜ್ಞಾನಿಗಳೂ ಇದ್ದಾರೆ. ನಾನಂತೂ ಪ್ರಾಫಿಟ್ ಪಕ್ಷ.

ಸೈಕಲ್ ಹೊಡೆಯುವವರು ಡಿಗ್ರಿ ಲೆಕ್ಕ ಹಿಡಿಯುವುದಿಲ್ಲ, ಶೇಕಡಾ ಲೆಕ್ಕ ಹಿಡಿಯುತ್ತಾರೆ. ಅಡ್ಡಡ್ಡ 100 ಮೀಟರ್ ಹೋದಾಗ ಎಷ್ಟು ಮೀಟರ್ ಮೇಲೇರಿದೆವು ಅನ್ನುವುದು ಆ ಶೇಕಡಾ. 45 ಡಿಗ್ರಿ ಅಂದ್ರೆ ಶೇ 100. ನಮ್ಮ 9 ಡಿಗ್ರಿ ಶೇ 16ರ ಹತ್ತಿರ. ಕೇಳಲಿಕ್ಕೆ ಸಣ್ಣದು, ಹತ್ತಲಿಕ್ಕೆ ಅಲ್ಲ.

ಎಷ್ಟು ಕಷ್ಟ ಅಂತ ಲೆಕ್ಕ ಹಾಕೋಣ. ನಾನು, ಸೈಕಲ್ಲು, ನೀರಿನ ಬಾಟಲಿ ಸೇರಿ 80 ಕೆ.ಜಿ. ಗುಡ್ಡದ ಎತ್ತರ ಸುಲಭಕ್ಕೆ 100 ಮೀಟರ್ ಅನ್ನಿ. ಅಷ್ಟು ಭಾರವನ್ನು ಅಷ್ಟು ಮೇಲೆ ಎತ್ತಲು ಬೇಕಾದ ಶಕ್ತಿ ಸುಮಾರು 78 ಸಾವಿರ ಜೂಲ್. 9 ಡಿಗ್ರಿಯಲ್ಲಿ ಅಷ್ಟು ಎತ್ತರ ಏರುವ ದಾರಿ ಸುಮಾರು 640 ಮೀಟರ್ ಉದ್ದ. ನಡೆಯುವ ವೇಗದಲ್ಲಿ, ಗಂಟೆಗೆ 4 ಕಿ.ಮೀ.ನಂತೆ ಹೋದರೆ ಹತ್ತು ನಿಮಿಷ ಬೇಕು. ಅಂದರೆ 130 ವ್ಯಾಟ್. ಮನೆಯ ಎರಡು ಸೀಲಿಂಗ್ ಫ್ಯಾನ್‌ಗಳಿಗೆ ಹತ್ತಿರ ಹತ್ತಿರ ಸಾಕಾಗುವ ವಿದ್ಯುತ್ತು. ದೊಡ್ಡದೇನಲ್ಲ. ಆರೋಗ್ಯವಾಗಿರುವ ಕಾಲುಗಳು ಇದನ್ನು ಕೊಡುತ್ತವೆ.

ಆದರೆ ನಮ್ಮ ಸ್ನಾಯುಗಳು ಊಟದಿಂದ ಬಂದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಪೆಡಲಿಗೆ ಕೊಡುತ್ತವೆ. ಉಳಿದ ಮುಕ್ಕಾಲು ಭಾಗ ಬಿಸಿಯಾಗಿ ಹೋಗುತ್ತದೆ. 130 ವ್ಯಾಟ್ ಕೆಲಸ ಮಾಡುವಾಗ ಮೈ 400 ವ್ಯಾಟ್ ಬಿಸಿ ಹುಟ್ಟಿಸುತ್ತಿರುತ್ತದೆ. ಅದನ್ನು ಹೊರಹಾಕುವ ದಾರಿ ಬೆವರು. ಒಂದು ಲೀಟರ್ ಬೆವರು ಆರಿದರೆ ಸುಮಾರು 24 ಲಕ್ಷ ಜೂಲ್ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಇಲ್ಲಿ "ಆರಿದರೆ" ಅನ್ನುವುದೇ ಮುಖ್ಯ. ಮೇ ತಿಂಗಳ ಕಾರವಾರದಲ್ಲಿ ಲುಂಗಿಯೇ ಆರುವುದಿಲ್ಲ, ಇನ್ನು ಬೆವರು ಎಲ್ಲಿ ಆರಬೇಕು? ಮೊಣಕೈಯಿಂದ ಸುಮ್ನೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲ. ಅದೇ ಏರನ್ನು ಜನವರಿಯ ಬೆಳಿಗ್ಗೆ ಶಿರಸಿಯಲ್ಲಿ ಹತ್ತಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಇಷ್ಟಾದರೂ ನಾನು ಈ ಗುಡ್ಡದಲ್ಲಿ ಸೋತದ್ದು ಉಸಿರಿನಿಂದ ಅಲ್ಲ. ಪ್ರತಿ ಸಲ ಕಾಲು ಕೆಳಗಿಟ್ಟದ್ದು ಹಿಂದಿನ ಚಕ್ರ ಜಾರಿದ್ದಕ್ಕೆ. ಉದ್ದನೆಯ ಘಾಟ್ ರಸ್ತೆಗೂ ಇಂಥ ಗಿಡ್ಡ, ಕಡಿದಾದ ಕಾಲುದಾರಿಗೂ ಇರುವ ವ್ಯತ್ಯಾಸ ಇದೇ. ದೇವಿಮನೆ ಘಾಟ್ ಹತ್ತಲು ದಮ್ಮು ಬೇಕು. ಇಲ್ಲಿ ದಮ್ಮು ಮುಗಿಯುವ ಮೊದಲೇ ನೆಲದ ಹಿಡಿತ ಮುಗಿಯುತ್ತದೆ.

ಯಾಕೆ ಅಂತ ನೋಡೋಣ. 9 ಡಿಗ್ರಿ ಏರಿನಲ್ಲಿ 80 ಕೆ.ಜಿ.ಯನ್ನು ಹಿಂದಕ್ಕೆ ಬಾರದಂತೆ ತಳ್ಳಲು ಹಿಂದಿನ ಚಕ್ರ ನೆಲವನ್ನು ಸುಮಾರು 12 ಕೆ.ಜಿ. ಭಾರದಷ್ಟು ಬಲದಿಂದ ಹಿಂದಕ್ಕೆ ಒದೆಯಬೇಕು. ಇದು ಸರಾಸರಿ. ಕಾಲು ಮೋಟಾರಿನ ಹಾಗೆ ಒಂದೇ ಸಮನೆ ತಿರುಗಿಸುವುದಿಲ್ಲ. ಪೆಡಲು ಮುಂದೆ ಅಡ್ಡಕ್ಕೆ ಬಂದಾಗ ಜೋರು, ಮೇಲೆ ಕೆಳಗೆ ನೆಟ್ಟಗಿದ್ದಾಗ ಹೆಚ್ಚುಕಡಿಮೆ ಏನೂ ಇಲ್ಲ. ಹಾಗಾಗಿ ಜೋರಿನ ಕ್ಷಣದಲ್ಲಿ 12 ಅನ್ನುವುದು ಎರಡು ಪಟ್ಟಾಗಿ 24, 25 ಆಗುತ್ತದೆ. ಚಕ್ರ ಜಾರುವುದು ಆ ಕ್ಷಣದಲ್ಲೇ.

ಹಿಡಿತ ಎಷ್ಟಿದೆ? ಚಕ್ರವನ್ನು ನೆಲಕ್ಕೆ ಒತ್ತಿದ ಭಾರದ ಅರ್ಧದಷ್ಟು ಅಂತ ಇಟ್ಟುಕೊಳ್ಳೋಣ. ಕೂತು ಹತ್ತುವಾಗ ಹಿಂದಿನ ಚಕ್ರದ ಮೇಲೆ ಸುಮಾರು 60 ಕೆ.ಜಿ. ಬೀಳುತ್ತದೆ. ಹಿಡಿತ 30. ಬೇಕಾದ್ದು 25. ಬಚಾವ್. ಈಗ ಸುಸ್ತಾಗಿ ಎದ್ದು ನಿಂತು, ಹ್ಯಾಂಡಲ್ ಮೇಲೆ ಬಗ್ಗಿ ಪೆಡಲು ತುಳಿಯುತ್ತೀರಿ. ಭಾರ ಮುಂದಕ್ಕೆ ಹೋಯಿತು. ಹಿಂದಿನ ಚಕ್ರದ ಪಾಲಿಗೆ 40 ಕೆ.ಜಿ. ಮಾತ್ರ ಉಳಿಯಿತು. ಹಿಡಿತ 20ಕ್ಕಿಳಿಯಿತು, ಅದೇ ಹೊತ್ತಿಗೆ ತುಳಿತ ಜೋರಾಯಿತು. ಚಕ್ರ ಗಿರ್ರ್ ಅಂತ ನಿಂತಲ್ಲೇ ತಿರುಗುತ್ತದೆ. ಹಾಗಂತ ಪೂರಾ ಹಿಂದೆ ವಾಲಿದರೆ ಮುಂದಿನ ಚಕ್ರ ಹಗುರಾಗಿ, ಹಾದಿ ತಪ್ಪಿದ ಕರುವಿನ ಹಾಗೆ ಅತ್ತಿತ್ತ ಅಲೆಯುತ್ತದೆ. ಸರಿಯಾದ ಜಾಗ ಈ ಎರಡರ ನಡುವೆ, ಸೀಟಿನ ಮೂತಿಯ ಮೇಲೆ. ಅಲ್ಲಿ ಕೂತು ಮೊಣಕೈ ಮಡಚಿ ಎದೆಯನ್ನು ಹ್ಯಾಂಡಲ್ ಕಡೆಗೆ ತಗ್ಗಿಸಬೇಕು. ನೋಡಲಿಕ್ಕೆ ಚಂದ ಇಲ್ಲ, ಕೂರಲಿಕ್ಕೆ ಸುಖವೂ ಇಲ್ಲ. ಆದರೆ ಕೆಲಸ ಮಾಡುತ್ತದೆ.

ಸೈಕಲ್ಲಿನ ಗೇರಿನ ಉಪಯೋಗವೂ ಇಲ್ಲೇ ಇರುವುದು. ಗೇರ್ ಇದ್ದರೆ ಕೆಲಸ ಕಡಿಮೆ ಆಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. 78 ಸಾವಿರ ಜೂಲ್ ಕೊಡಲೇಬೇಕು. ಹಾಲು, ಪೇಪರ್ ಹಾಕುವ ಹಳೆಯ ಕಪ್ಪು ಸೈಕಲ್ ಪೆಡಲಿನ ಒಂದು ಸುತ್ತಿಗೆ 5 ಮೀಟರಿನ ಆಸುಪಾಸು ಮುಂದೆ ಹೋಗುತ್ತದೆ. ಅಳಿಯನ ಸೈಕಲ್‌ನಲ್ಲಿ ಚೈನು ಸುತ್ತುವ ಮುಂದಿನ ಹಲ್ಲುಚಕ್ರಕ್ಕೆ 32 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 51 ಹಲ್ಲು. ಆ ಗೇರಿನಲ್ಲಿ ಒಂದು ಸುತ್ತಿಗೆ ಒಂದೂವರೆ ಮೀಟರ್ ಕೂಡ ಹೋಗುವುದಿಲ್ಲ. ಒಂದೇ ದೊಡ್ಡ ಒದೆತ ಸಣ್ಣ ಸಣ್ಣ ತುಳಿತಗಳಾಗಿ ಹಂಚಿಹೋಗುತ್ತದೆ. ನಾಲ್ಕು ಕಂತಿನ ಸಾಲದ ಹಾಗೆ ಅನ್ನಿ. ಕಾಲು ನೋಯುವುದಿಲ್ಲ, ಎದ್ದು ನಿಲ್ಲಬೇಕಾಗಿಯೂ ಬರುವುದಿಲ್ಲ.

ಇನ್ನು ಟಯರು. ಚಕ್ರ ನೆಲ ಮುಟ್ಟುವ ಜಾಗ ಎಷ್ಟಿರುತ್ತದೆ ಅಂತ ಸುಮಾರು ಲೆಕ್ಕ ಹಾಕಬಹುದು. ಭಾರವನ್ನು ಒಳಗಿನ ಗಾಳಿಯ ಒತ್ತಡದಿಂದ ಭಾಗಿಸಿದರೆ ಸಾಕು. ನಾನು ಮೊದಲು ಪಂಕ್ಚರ್ ಅಂಗಡಿಯಲ್ಲಿ ಟಯರ್ ಕಲ್ಲಾಗುವ ತನಕ, 60 ಪಿಎಸ್‌ಐ ಒತ್ತಡದ ಗಾಳಿ ತುಂಬಿಸುತ್ತಿದ್ದೆ. 60 ಕೆ.ಜಿ. ಹೊತ್ತ ಚಕ್ರ ಆಗ ನೆಲ ಮುಟ್ಟುವುದು 14 ಚದರ ಸೆಂಟಿಮೀಟರಿನಷ್ಟು. ಒಂದು ಬೆಂಕಿಪೊಟ್ಟಣಕ್ಕೂ ಕಡಿಮೆ. ಗಾಳಿಯನ್ನು 25ಕ್ಕೆ ಇಳಿಸಿದರೆ 34 ಆಗುತ್ತದೆ. ಎರಡು ಬೆಂಕಿಪೊಟ್ಟಣ ಪಕ್ಕಪಕ್ಕ ಇಟ್ಟಷ್ಟು. ಗಾಳಿ ಕಡಿಮೆ ಇರುವ ಟಯರು ಕಲ್ಲಿನ ಸುತ್ತ ಬಗ್ಗಿ ಕೂರುತ್ತದೆ, ಗಟ್ಟಿ ಟಯರು ಅದರ ಮೇಲೆ ಹಾರುತ್ತದೆ. ಅಳಿಯ ಹೇಳಿದಾಗ ನಾನು ಒಪ್ಪಲಿಲ್ಲ. ಗಾಳಿ ಕಡಿಮೆ ಇದ್ದರೆ ಸೈಕಲ್ ಭಾರ ಅಂತಲೇ ನಾವು ಕಲಿತದ್ದು. ಡಾಂಬರಿನ ಮೇಲೆ ಅದು ನಿಜ ಕೂಡ. ಗುಡ್ಡದಲ್ಲಿ ಅದು ತಿರುಗುಮುರುಗು.

ನಮ್ಮ ನೆಲದ ತಂಟೆಯೇ ಬೇರೆ. ಇದು ಜಂಬಿಟ್ಟಿಗೆಯ ನೆಲ. ಬಿಸಿಲು, ಮಳೆ ಎರಡೂ ಜಾಸ್ತಿ ಇರುವಲ್ಲಿ ಕಲ್ಲು ಲಕ್ಷಾಂತರ ವರ್ಷ ಕೊಳೆತು, ಕರಗುವುದೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂನ ತುಕ್ಕಿನಂಥ ಅಂಶ ಉಳಿದದ್ದೇ ಇದು. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕರಾವಳಿಯಲ್ಲೆಲ್ಲ ಓಡಾಡಿ 1807ರಲ್ಲಿ ಪ್ರಕಟಿಸಿದ ಪ್ರವಾಸದ ವರದಿಯಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ. ನಾವು ಜಂಬಿಟ್ಟಿಗೆ ಅನ್ನುವಾಗಲೂ ಇಟ್ಟಿಗೆ ಬಂದೇ ಬರುತ್ತದೆ. ಇದು ಪುಡಿಯಾದಾಗ ಉದುರುವುದು ಕಬ್ಬಿಣದ ಗುಂಡು ಗುಂಡು ಗರಸು. ಗಟ್ಟಿ ನೆಲದ ಮೇಲೆ ಗರಸು ಚೆಲ್ಲಿದರೆ ಗೋಲಿ ಚೆಲ್ಲಿದ ಹಾಗೆ. ಟಯರು ನೆಲವನ್ನು ಮುಟ್ಟುವುದೇ ಇಲ್ಲ, ಗೋಲಿಗಳ ಮೇಲೆ ಉರುಳುತ್ತದೆ. ಅದರ ಮೇಲೆ ಅಕೇಶಿಯಾದ ಒಣ ದರಕು ಬಿದ್ದಿದ್ದರೆ ಕೇಳುವುದೇ ಬೇಡ. ಮಳೆಗಾಲದಲ್ಲಿ ಗರಸು ತೊಳೆದುಹೋಗಿ ಹಾವಸೆ ಬರುತ್ತದೆ. ಈ ಗುಡ್ಡಕ್ಕೆ ಒಳ್ಳೆಯ ಕಾಲ ಅಂದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ. ಮಣ್ಣಿನಲ್ಲಿ ಇನ್ನೂ ಪಸೆ ಇರುತ್ತದೆ, ಗರಸು ಕಚ್ಚಿಕೊಂಡಿರುತ್ತದೆ.

ಹತ್ತಿದ್ದನ್ನು ಇಳಿಯಬೇಕಲ್ಲ. ಮೇಲೆ ಕೂಡಿಟ್ಟ 78 ಸಾವಿರ ಜೂಲ್ ಇಳಿಯುವಾಗ ಹೆಚ್ಚಿನ ಪಾಲು ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಒಂದು ಲೋಟ ನೀರನ್ನು ಕುದಿಸಿ ಚಾ ಮಾಡಲು ಸಾಕಾಗುವ ಬಿಸಿ. ಬ್ರೇಕನ್ನು ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಬಂದರೆ ಡಿಸ್ಕಿಗೆ ತಣ್ಣಗಾಗುವ ಪುರುಸೊತ್ತು ಸಿಗುವುದಿಲ್ಲ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ಆಮೇಲೆ ಪೂರ್ತಿ ಬಿಡುವುದು ಒಳ್ಳೆಯದು.

ಗುಡ್ಡದಲ್ಲಿ ಸೈಕಲ್ ಹೊಡೆಯುವ ಈ ಆಟದ, ಅಂದರೆ ಮೌಂಟನ್ ಬೈಕಿಂಗ್‌ನ ಇತಿಹಾಸದಲ್ಲೂ ಒಂದು ಬಿಸಿ ಬ್ರೇಕಿನ ಕಥೆ ಇದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಊರಿನ ಪಕ್ಕದ ಗುಡ್ಡದಲ್ಲೇ, ಕೆಲವು ಹುಡುಗರು ಹಳೆಯ ದಪ್ಪ ಟಯರಿನ ಸೈಕಲ್‌ಗಳನ್ನು ಇಳಿಸುತ್ತಿದ್ದರು. 1976ರ ಅಕ್ಟೋಬರ್‌ನಲ್ಲಿ ಅಲ್ಲಿ ಮೊದಲ ಪಂದ್ಯ ನಡೆಯಿತು. ಮೂರು ಕಿ.ಮೀ. ಚಿಲ್ಲರೆ ದಾರಿ, ಸುಮಾರು 400 ಮೀಟರ್ ಇಳಿತ. ಆ ಸೈಕಲ್‌ಗಳ ಬ್ರೇಕು ಹಿಂದಿನ ಚಕ್ರದ ನಡುವಿನ ಹಬ್ಬಿನ ಒಳಗೆ ಇರುತ್ತಿತ್ತು. ಪೆಡಲು ಹಿಂದಕ್ಕೆ ತುಳಿದರೆ ಹಿಡಿಯುತ್ತಿತ್ತು. ಕೆಳಗೆ ಬರುವಷ್ಟರಲ್ಲಿ ಅದರೊಳಗಿನ ಗ್ರೀಸ್ ಹೊಗೆಯಾಗಿ ಹೋಗಿರುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕು. ಹಾಗೆ ಮತ್ತೆ ತುಂಬುವ ಕೆಲಸದಿಂದಲೇ ಆ ದಾರಿಗೆ ರಿಪ್ಯಾಕ್ ಅಂತ ಹೆಸರಾಯಿತು. ಅಲ್ಲಿ ಓಡಿಸುತ್ತಿದ್ದ ಜೋ ಬ್ರೀಜ್ 1977ರಲ್ಲಿ ಇದಕ್ಕೇ ಅಂತ ಹೊಸ ಫ್ರೇಮ್ ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಈ ಆಟಕ್ಕೆ ಪದಕವೂ ಸಿಕ್ಕಿತು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಸೈಕಲ್ಲಿಗೆ ಕಡಿದಾದ ದಾರಿ ನೀರಿಗೂ ಕಡಿದೇ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲಿ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ, ಅದು ಉರುಳಿಸಬಲ್ಲ ಕಲ್ಲಿನ ತೂಕ ಲೆಕ್ಕದ ಪ್ರಕಾರ 64 ಪಟ್ಟಾಗುತ್ತದೆ. ಚಕ್ರ ಜಾರಿ ಗೀರಿದ ಒಂದು ಸಣ್ಣ ಗೆರೆ ಜೂನ್‌ನಲ್ಲಿ ಕಾಲುವೆ, ಆಗಸ್ಟ್‌ನಲ್ಲಿ ಕೊರಕಲು. 2024ರ ಜುಲೈನಲ್ಲಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದದ್ದನ್ನು ನೋಡಿದ ಜಿಲ್ಲೆ ನಮ್ಮದು. ಸೈಕಲ್ ಗೀರಿಗೂ ಅದಕ್ಕೂ ಸಂಬಂಧ ಇಲ್ಲ, ನಿಜ. ಆದರೂ ಆಮೇಲೆ ಗುಡ್ಡದಲ್ಲಿ ಕೆಂಪು ನೀರು ಕಂಡರೆ ಸುಮ್ಮನಿರಲು ಆಗುವುದಿಲ್ಲ.

ಸೈಕಲ್ ದಾರಿ ಮಾಡುವವರಲ್ಲಿ ಒಂದು ಅರ್ಧದ ಸೂತ್ರ ಇದೆ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಅರ್ಧದೊಳಗೆ ಇದ್ದರೆ ನೀರು ದಾರಿಯನ್ನು ಅಡ್ಡ ದಾಟಿ ಹೋಗುತ್ತದೆ, ದಾರಿ ಹಿಡಿದು ಇಳಿಯುವುದಿಲ್ಲ. ನಮ್ಮ ಕಾಲುದಾರಿ ನೆಟ್ಟಗೆ ಇಳಿಯುವಂಥದ್ದು, ಗುಡ್ಡದ ಇಳಿಜಾರೇ ಅದರ ಏರು. ಸೂತ್ರದ ಪ್ರಕಾರ ಪೂರಾ ಫೇಲ್.

ಗೇರುಗುಡ್ಡದ ಯಜಮಾನರಾದ ಅಜ್ಜನಿಗೆ ಇದನ್ನೆಲ್ಲ ವಿವರಿಸಲು ಹೋದೆ. ಅವರು ಕವಳ ಹಾಕಿಕೊಳ್ಳುತ್ತಾ ಕೇಳಿದರು. "ತಲೆ ಮೇಲೆ ಸೌದೆ ಹೊರೆ ಇದ್ರೆ ಯಾರಾದ್ರೂ ನೆಟ್ಟಗೆ ಇಳೀತಾರಾ ತಮಾ? ಅಡ್ಡ ಅಡ್ಡವೇ ಬರೂದು. ನಿಮ್ಮ ಸೈಕಲ್ ಬಂದ ಮೇಲೇ ಈ ದಾರಿ ಗಟಾರ ಆದದ್ದು." ಪೂರ್ತಿ ನಮ್ಮದೇ ತಪ್ಪು ಅಂತ ನಾನು ಒಪ್ಪಲಿಲ್ಲ. ಆದರೆ ಪಿಕಾಸಿ ತಂದದ್ದು ನಾವೇ.

ಮೇ ಕೊನೆಗೆ ದಾರಿಯನ್ನು ಎರಡು ಕಡೆ ಅಡ್ಡಕ್ಕೆ ತಿರುಗಿಸಿದೆವು. ಮೂರು ಕಡೆ ಓರೆಯಾಗಿ ಕಲ್ಲು ಹೂತು ನೀರಿಗೆ ಹೊರದಾರಿ ಮಾಡಿದೆವು. ಮೊದಲ ದೊಡ್ಡ ಮಳೆಗೆ ಮೂವರೂ ಕೊಡೆ ಹಿಡಿದು ನೋಡಲು ಹೋದೆವು. ಮೊದಲನೆಯ ಕಲ್ಲಿನ ಸಾಲಿಗೆ ನೀರು ಹೇಳಿದ ಮಾತು ಕೇಳಿತು, ಎಡಕ್ಕೆ ತಿರುಗಿ ದರಕಿನೊಳಗೆ ಇಂಗಿತು. ಎರಡನೆಯದಕ್ಕೂ ತಿರುಗಿತು. ಮೂರನೆಯದನ್ನು ಹಾರಿಕೊಂಡು ಹಳೆಯ ಕೊರಕಲಿಗೇ ಇಳಿಯಿತು. ಅಜ್ಜ ಕೊಡೆಯ ತುದಿಯಿಂದ ಆ ಜಾಗ ತೋರಿಸಿ, "ಇಲ್ಲಿ ಇನ್ನೊಂದು ಕಲ್ಲು ಬೇಕು" ಅಂದರು.