ನಿರಪರಾಧಿ ಅಂತ ಬಿಟ್ಟರು, ಆಮೇಲೆ?

1896ರಲ್ಲಿ ಲಂಡನ್ನಿನ ಕೋರ್ಟು ಅಡಾಲ್ಫ್ ಬೆಕ್ ಎಂಬುವವನಿಗೆ ಏಳು ವರ್ಷ ಶಿಕ್ಷೆ ಕೊಟ್ಟಿತು. ಹೆಂಗಸರನ್ನು ನಂಬಿಸಿ ಒಡವೆ ಹೊಡೆದ ಎಂಬುದು ಆರೋಪ. ಮೋಸ ಹೋದವರೇ ಒಬ್ಬರಾದ ಮೇಲೊಬ್ಬರು ಬಂದು 'ಇವನೇ' ಎಂದು ಗುರುತಿಸಿದರು. ಹಿಂದೆ ಇದೇ ಥರ ಮೋಸ ಮಾಡಿ ಜೈಲಿಗೆ ಹೋಗಿದ್ದ ಸ್ಮಿತ್ ಎಂಬುವವನೇ ಈ ಬೆಕ್ ಎಂದು ಪೊಲೀಸರು ನಂಬಿದ್ದರು. ಆದರೆ ಸ್ಮಿತ್‌ಗೆ ಸುನ್ನತಿ ಆಗಿತ್ತು, ಬೆಕ್‌ಗೆ ಆಗಿರಲಿಲ್ಲ. 1898ರಲ್ಲಿ ಇದು ಸರ್ಕಾರಕ್ಕೆ ಗೊತ್ತಾಯಿತು. ಆಗ ಅಧಿಕಾರಿಗಳು ಮಾಡಿದ್ದೇನು ಗೊತ್ತಾ? ಅವನ ಕೈದಿ ನಂಬರ್ ಬದಲಾಯಿಸಿದರು. ಅಷ್ಟೇ.

1904ರಲ್ಲಿ ಬೆಕ್‌ಗೆ ಮತ್ತೆ ಅದೇ ಥರದ ಕೇಸಿನಲ್ಲಿ ತಪ್ಪಿತಸ್ಥ ಎಂಬ ತೀರ್ಪು ಬಂತು. ಅಸಲಿ ಕಳ್ಳ ಸಿಕ್ಕಿಬಿದ್ದ ಮೇಲಷ್ಟೇ ಬಿಡುಗಡೆ. ಐದು ಸಾವಿರ ಪೌಂಡ್ ಪರಿಹಾರವೂ ಸಿಕ್ಕಿತು. ಈ ಗದ್ದಲದಿಂದಲೇ 1907ರಲ್ಲಿ ಇಂಗ್ಲೆಂಡಿಗೆ ಕ್ರಿಮಿನಲ್ ಮೇಲ್ಮನವಿ ಕೋರ್ಟು ಬಂತು. ಬೆಕ್ 1909ರಲ್ಲಿ ತೀರಿಕೊಂಡ.

ಅಲ್ಲಿಂದೀಚೆಗೆ ತಪ್ಪು ಹುಡುಕುವ ದಾರಿಗಳು ಹೆಚ್ಚುತ್ತಾ ಬಂದವು. 1989ರಿಂದ ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆ ಹಳೇ ತೀರ್ಪುಗಳನ್ನು ತಲೆಕೆಳಗು ಮಾಡತೊಡಗಿತು. 1997ರಲ್ಲಿ ಬ್ರಿಟನ್ ಇಂಥ ಕೇಸುಗಳನ್ನು ಮತ್ತೆ ನೋಡಲೆಂದೇ ಒಂದು ಆಯೋಗ ಮಾಡಿತು. ಹೊರಗೆ ಬಂದವರು ಬದುಕುವುದು ಹೇಗೆ ಎಂಬ ಬಗ್ಗೆ ಮಾತ್ರ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಸರ್ಕಾರಗಳ ಕೈ ಬಿಗಿ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದ, ತಪ್ಪು ಶಿಕ್ಷೆ ಅನುಭವಿಸಿದವರಿಗೆ ಪರಿಹಾರ ಕೊಡಬೇಕು ಎನ್ನುತ್ತದೆ. 1979ರಲ್ಲಿ ಅದಕ್ಕೆ ಸೇರುವಾಗ ಭಾರತ ಒಂದು ಷರತ್ತು ಹಾಕಿತು: ಅಕ್ರಮ ಬಂಧನಕ್ಕೆ ಸರ್ಕಾರದಿಂದ ಪರಿಹಾರ ಪಡೆಯುವ ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ. ನಾಲ್ಕೇ ವರ್ಷದಲ್ಲಿ ರುದುಲ್ ಸಾಹ್ ಕೇಸು ಬಂತು. ಬಿಹಾರದ ಈತ 1968ರಲ್ಲೇ ಖುಲಾಸೆಯಾಗಿದ್ದರೂ 1982ರವರೆಗೆ ಜೈಲಿನಲ್ಲೇ ಇದ್ದ. 1983ರಲ್ಲಿ ಸುಪ್ರೀಂ ಕೋರ್ಟು 30,000 ರೂಪಾಯಿ ಕೊಡಿಸಿತು. ಆಗಿನ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಹದಿನಾಲ್ಕು ವರ್ಷಕ್ಕೆ ಅಷ್ಟೇನಾ ಎಂದು ಕೇಳಿದರೆ ಉತ್ತರವಿಲ್ಲ. ಇಂಥವರಿಗೆ ಪ್ರತ್ಯೇಕ ಕಾನೂನು ಬೇಕು ಎಂದು 2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಹೇಳಿತು. ಉದ್ಯೋಗ ತರಬೇತಿ, ಕೌನ್ಸೆಲಿಂಗ್ ಕೂಡ ಕೊಡಿ ಎಂದಿತು. ಕಾನೂನು ಇನ್ನೂ ಬಂದಿಲ್ಲ.

ಬ್ರಿಟನ್ನಿನದು ಇನ್ನೊಂದು ಕಥೆ. ಜೈಲಿನಲ್ಲಿ ಊಟ, ವಸತಿ ಪುಕ್ಕಟೆ ಸಿಕ್ಕಿತಲ್ಲ, ಆ ಉಳಿತಾಯವನ್ನು ಪರಿಹಾರದಿಂದ ಕಳೆಯಬಹುದು ಎಂದು 2007ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವೇ ಹೇಳಿತ್ತು. ಮಾಡದ ತಪ್ಪಿಗೆ ಕೂಡಿಹಾಕಿ, ಆಮೇಲೆ ಬಾಡಿಗೆ ಕೇಳೋದು! ಆಂಡ್ರ್ಯೂ ಮಾಲ್ಕಿನ್‌ಸನ್ 17 ವರ್ಷ ಜೈಲಿನಲ್ಲಿದ್ದು 2023ರಲ್ಲಿ ನಿರ್ದೋಷಿ ಎನಿಸಿಕೊಂಡ ಮೇಲೆ ಜನ ಸಿಟ್ಟಾದರು, ನಿಯಮ ಹೋಯಿತು. ಅವರಿಗೆ ಇದ್ದ ಕನಿಷ್ಠ ಶಿಕ್ಷೆ ಸುಮಾರು ಏಳು ವರ್ಷ. 'ನಾನು ಮಾಡಿಲ್ಲ' ಎಂಬ ಮಾತು ಬಿಡದಿದ್ದಕ್ಕೆ ಮತ್ತೆ ಹತ್ತು ವರ್ಷ ಒಳಗೇ ಕಳೆಯಿತು. ತಪ್ಪು ಒಪ್ಪದವರಿಗೆ ಪೆರೋಲ್, ಅಂದರೆ ಷರತ್ತಿನ ಮೇಲಿನ ಬಿಡುಗಡೆ, ಸಿಗೋದು ಕಷ್ಟ; ಮಾಡದ ತಪ್ಪಿಗೆ ಪಶ್ಚಾತ್ತಾಪ ಎಲ್ಲಿಂದ ತರೋದು?

ದುಡ್ಡು ಬಂದರೂ ಎಲ್ಲ ಸರಿಹೋಗಲ್ಲ. ಜಪಾನಿನ ಇವಾವೊ ಹಕಮಾಡ ಅವರ ಬಂಧನ ಆದದ್ದು 1966ರಲ್ಲಿ. 1968ರಲ್ಲಿ ಮರಣದಂಡನೆ. ಅಲ್ಲಿ ಗಲ್ಲಿನ ಸುದ್ದಿ ಹೇಳೋದು ಅದೇ ದಿನ ಬೆಳಿಗ್ಗೆ. ಅಂದರೆ ಪ್ರತಿ ಬೆಳಿಗ್ಗೆಯೂ ಇವತ್ತೇ ಇರಬಹುದು ಎಂಬ ಭಯ. 2014ರಲ್ಲಿ ಹೊರಬಂದಾಗ ಅವರ ಮನಸ್ಸು ಆಗಲೇ ಕುಸಿದಿತ್ತು. ಅಕ್ಕ ಹಿದೆಕೊ ಮನೆಗೆ ಕರೆದುಕೊಂಡು ಹೋದರು. ಬೀಗವಿಲ್ಲದ ಆ ಮನೆಯೊಳಗೂ ಗಂಟೆಗಟ್ಟಲೆ ಅತ್ತಿಂದಿತ್ತ ನಡೆಯುತ್ತಿದ್ದರು. 2024ರಲ್ಲಿ ನಿರ್ದೋಷಿ ಎಂಬ ತೀರ್ಪು ಬಂದಾಗ ಅವರಿಗೆ 88, ಅಕ್ಕನಿಗೆ 91. ಮರುವರ್ಷ ದಿನಕ್ಕೆ 12,500 ಯೆನ್ ಲೆಕ್ಕದಲ್ಲಿ ಸುಮಾರು 21.7 ಕೋಟಿ ಯೆನ್ ಪರಿಹಾರ ಬಂತು. ಅದು ಅಲ್ಲಿನ ಕಾನೂನು ಕೊಡುವ ಗರಿಷ್ಠ ದರ.

ಹಿದೆಕೊ ಇದ್ದರು, ಸರಿ. ಅಂಥ ಅಕ್ಕ ಎಲ್ಲರಿಗೂ ಇರಲ್ಲ. ಅಪ್ಪ, ಅಮ್ಮ ಹೋಗಿರುತ್ತಾರೆ, ಮಕ್ಕಳು ದೊಡ್ಡವರಾಗಿ ದೂರವಾಗಿರುತ್ತಾರೆ, ಕೈಯಲ್ಲಿದ್ದ ಕಸುಬು ಹಳೆಯದಾಗಿರುತ್ತದೆ. ಇಷ್ಟು ವರ್ಷ ಎಲ್ಲಿದ್ದೆ ಎಂದು ಕೆಲಸ ಕೊಡುವವರು ಕೇಳಿಯೇ ಕೇಳುತ್ತಾರೆ. ಪೆರೋಲ್ ಮೇಲೆ ಹೊರಬರುವ ಅಪರಾಧಿಗೆ ಬ್ರಿಟನ್ನಿನಲ್ಲಿ ಒಬ್ಬ ಮೇಲ್ವಿಚಾರಣಾ ಅಧಿಕಾರಿ ಇರುತ್ತಾರೆ. ಮನೆ, ಕೆಲಸದ ವಿಚಾರಕ್ಕೂ ಅವರ ಬಳಿ ಹೋಗಬಹುದು. ನಿರಪರಾಧಿಗೆ ಆ ಅಧಿಕಾರಿ ಇಲ್ಲ, ಯಾಕಂದರೆ ಕಾಗದದ ಪ್ರಕಾರ ಅವನು ಕೈದಿಯೇ ಆಗಿರಲಿಲ್ಲ.